ಮಾವನೋರ ದಮ್ಮಡಿ

ಹೋದ ಸೋಮವಾರ ನಮ್ಮನೆ ಭಜನೆ ಮುಗಿದು ಎಲ್ರೂ ಮಂಡಕ್ಕಿ ತಿಂತಾ ಕೂತಿದ್ದಾಗ ಎದುರುಮನೆ ಅಕ್ಕ ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದ್ರು. "ಇದೇನೇ, ಅಂಗೈ ಹಿಂಗೆ ಕೆಂಪಗಾಗೈತೆ, ಖಾರ ಕುಟ್ಟಿದ್ದಾ?" ಅಂದ್ರು. "ಇಲ್ಲಕ್ಕ, ದಮ್ಮಡಿ ಬಡಿದಿದ್ದು" ಅಂದೆ. ನಕ್ಕು ಸುಮ್ಮನಾಗ್ತಾರೆ ಅನ್ಕಂಡೆ. ಎದ್ದು ಹೋಗುವಾಗ ಬಾಗಿಲ ಹತ್ರ ನಿಂತು, ಯಾರಿಗೂ ಕೇಳಬಾರದು ಅನ್ನೋ ಹಂಗೆ, "ನಂಗೂ ಹೇಳಿಕೊಡ್ತೀಯಾ?" ಅಂದ್ರು. ಆ ಮೆತ್ತಗಿನ ದನಿ ಕೇಳಿ ನಂಗೆ ನನ್ನದೇ ಹಳೇ ದಿನ ನೆನಪಾಯ್ತು. ಅದಕ್ಕೇ ಇದನ್ನ ಬರೀತಾ ಇದೀನಿ. ನಾನೇನು ವಿದ್ವಾಂಸಳಲ್ಲ. ಕಲಿತಿದ್ದು ಹೆಂಗೆ ಅಂತ ಹೇಳ್ತೀನಿ, ಅದ್ರಾಗೇ ಕಲಿಯೋದೂ ಸಿಗುತ್ತೆ.

ಮೊದಲು ದಮ್ಮಡಿ ಅಂದ್ರೆ ಏನು ಅಂತ ಹೊಸ ಹುಡುಗೇರಿಗೆ ಹೇಳಬೇಕು. ಜರಡಿ ನೋಡಿದೀರಲ್ಲ, ಹಂಗೆ ಒಂದು ಗುಂಡನೆ ಮರದ ಬಳೆ. ಒಂದು ಕಡೆ ಮೇಕೆ ತೊಗಲು ಬಿಗಿದಿರ್ತಾರೆ, ಇನ್ನೊಂದು ಕಡೆ ಖಾಲಿ. ಬಳೆಯಾಗೆ ಅಲ್ಲಲ್ಲಿ ಸೀಳು ಕೊರೆದು ಹಿತ್ತಾಳೆ ಬಿಲ್ಲೆ ಜೋಡಿಸಿರ್ತಾರೆ. ಬಡಿದ್ರೆ ತೊಗಲೂ ನುಡಿಯುತ್ತೆ, ಬಿಲ್ಲೆಯೂ ಝಲ್ ಅನ್ನುತ್ತೆ. ನಮ್ಮ ದುರ್ಗದ ಸೀಮೆಯಾಗೆ ತೊಗಲಿನ ವಾದ್ಯಕ್ಕೇನು ಬರ ಇಲ್ಲ. ತಮಟೆ ಐತೆ, ಡೊಳ್ಳೈತೆ, ದೇವರು ಹೊರಟ್ರೆ ಉರುಮೆ ಐತೆ. ತಮಟೆಗೆ ಕಡ್ಡಿ ಬೇಕು. ಉರುಮೆಗೆ ಒಂದು ಕಡೆ ಬಡಿಯೋ ಕೋಲು, ಇನ್ನೊಂದು ಕಡೆ ತೊಗಲು ಉಜ್ಜೋ ಬಾಗಿದ ಕೋಲು ಬೇಕು. ಡೊಳ್ಳಿಗೂ ಒಂದು ಕೋಲು ಬೇಕು. ದಮ್ಮಡಿಗೆ ಮಾತ್ರ ಬರೀ ಕೈ. ಬಯಲಾಗೆ, ಜಾತ್ರೆಯಾಗೆ ನುಡಿಸೋ ವಾದ್ಯ ಅಲ್ಲ ಅದು. ಮನೆ ಪಡಸಾಲೆಯಾಗೆ, ಮಠದಾಗೆ, ಸಾವಿನ ಮನೆಯ ರಾತ್ರಿಯಾಗೆ, ತತ್ವಪದ ಹಾಡೋರ ಪಕ್ಕ ಏಕತಾರಿ ತಾಳದ ಜೊತೆ ಕೂರೋ ವಾದ್ಯ.

ಕಚೇರಿಯಾಗೆ ಖಂಜಿರ ಅಂತ ನುಡಿಸ್ತಾರಲ್ಲ, ಅದು ಇದರ ತಂಗಿ ಇದ್ದಂಗೆ. ಅದು ಇನ್ನೂ ಚಿಕ್ಕದು, ಏಳೆಂಟು ಇಂಚು ಅಗಲ, ಹಲಸಿನ ಮರದ್ದು, ಬಿಲ್ಲೆ ಒಂದೇ ಕಡೆ. ಭಜನೆ ಗುಂಪಿನಾಗಿದ್ದ ಆ ವಾದ್ಯನ ತಮಿಳುನಾಡಿನ ಪುದುಕೋಟೆಯ ಮಾಂಪೂಂಡಿಯಾ ಪಿಳ್ಳೆ ಅನ್ನೋರು 19ನೇ ಶತಮಾನದ ಕೊನೆ ಹೊತ್ತಿಗೆ ಕಚೇರಿ ವೇದಿಕೆ ಮೇಲೆ ಕೂರಿಸಿದ್ರು. ಅದಕ್ಕೆ ಹಿಂದೆ ಉಡದ ತೊಗಲು ಹಾಕ್ತಿದ್ರು. ಉಡ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾಗೆ ರಕ್ಷಣೆ ಇರೋ ಪ್ರಾಣಿ, ಹಿಡಿದ್ರೆ ಕೊಂದ್ರೆ ಜೈಲು. ನಮ್ಮ ಮಾವನೋರ ದಮ್ಮಡಿಯದು ಮೊದಲಿಂದಲೂ ಮೇಕೆ ತೊಗಲೇ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆ ದಮ್ಮಡಿ ಪಡಸಾಲೆ ಗೋಡೆಯ ಗೂಟದ ಮೇಲಿತ್ತು. ಹೊಸದುರ್ಗದ ಕಡೆ ನಮ್ಮ ತವರಾಗೆ ಭಜನೆ ಇರಲಿಲ್ಲ, ತೆಂಗಿನತೋಟದ ಕೆಲಸ ಮುಗಿಸಿ ಉಂಡು ಮಲಗೋದೇ. ಇಲ್ಲಿ ಮದಕರಿಪುರದ ಕಡೆ ಬಂದ್ಮೇಲೆ ಪ್ರತೀ ಸೋಮವಾರ ರಾತ್ರಿ ಎಂಟು ಗಂಟೆಗೆ ಐದಾರು ಜನ ಹಿರೇರು ಬರೋರು. ಒಬ್ಬರದು ಹಾರ್ಮೋನಿಯಂ, ಇಬ್ಬರದು ತಾಳ, ಮಾವನೋರದು ದಮ್ಮಡಿ. ಶರೀಫಜ್ಜನ ಪದ, ವಚನ, ಊರ ದೇವರ ಪದ ಹಾಡೋರು. ಶ್ರಾವಣದಾಗೆ ತಿಂಗಳಿಡೀ ಇರೋದು. ನಾನೂ ಅತ್ತೆಮ್ಮನೂ ಒಳಗೆ ಒಲೆ ಮುಂದೆ. ರೊಟ್ಟಿ ತಟ್ಟೋದು, ಟೀ ಕಾಯಿಸೋದು, ಮಂಡಕ್ಕಿಗೆ ಒಗ್ಗರಣೆ ಹಾಕೋದು. ಅಡುಗೆಮನೆ ಬಾಗಿಲಿನ ಸಂದಿಯಾಗೆ ಮಾವನೋರ ಕೈ ಮಾತ್ರ ಕಾಣೋದು. ಹದಿನೈದು ವರ್ಷ ನಾನು ಆ ಕೈನ ಹಂಗೇ ನೋಡಿದ್ದು.

2022ರ ಯುಗಾದಿ ಆಗಿ ಹತ್ತು ದಿನಕ್ಕೆ ಮಾವನೋರಿಗೆ ಲಕ್ವ ಹೊಡೀತು. ಬೆಳಗ್ಗೆ ಹಲ್ಲುಜ್ಜೋಕೆ ಹೋದೋರು ನೀರಿನ ತೊಟ್ಟಿ ಹತ್ರ ಕುಸಿದ್ರು. ದುರ್ಗಕ್ಕೆ ಕರ್ಕಂಡು ಹೋಗಿ, ಅಲ್ಲಿಂದ ದಾವಣಗೆರೆಗೆ ಹೋಗಿ, ಇಪ್ಪತ್ತು ದಿನಕ್ಕೆ ಮನೆಗೆ ಬಂದ್ರು. ಜೀವ ಉಳೀತು. ಬಲಗೈ ಉಳೀಲಿಲ್ಲ. ಮಾತೂ ಹೋಯ್ತು. "ಅದು, ಅದು" ಅನ್ನೋರು. ನೀರು ಬೇಕಾದ್ರೂ "ಅದು", ಬಾಗಿಲು ಹಾಕು ಅನ್ನೋಕೂ "ಅದು". ತಿಳೀದೆ ಹೋದ್ರೆ ಸಿಟ್ಟು ಬಂದು ಎಡಗೈಯಿಂದ ಮಂಚ ಗುದ್ದೋರು, ಆಮೇಲೆ ಗೋಡೆ ಕಡೆ ತಿರುಗಿ ಅಳೋರು. ಊರಿಗೆಲ್ಲ ನ್ಯಾಯ ಹೇಳ್ತಿದ್ದ ಬಾಯಿ ಅದು. ಭಜನೆ ನಿಂತೋಯ್ತು. ಬರ್ತಿದ್ದ ಹಿರೇರು ಎರಡು ಸಲ ನೋಡ್ಕಂಡು ಹೋಗೋಕೆ ಬಂದ್ರು, ಏನು ಮಾತಾಡೋದು ಅಂತ ತೋಚದೆ ಆಮೇಲೆ ಅವರೂ ಬರೋದು ಬಿಟ್ರು. ದಮ್ಮಡಿ ಗೂಟದ ಮೇಲೇ ಇತ್ತು. ಅತ್ತೆಮ್ಮ ವಾರಕ್ಕೊಂದ್ಸಲ ಅದರ ಧೂಳು ಒರೆಸೋರು, ಒಳಗೆ ಎತ್ತಿಡೋಕೆ ಮಾತ್ರ ಬಿಡ್ತಿರಲಿಲ್ಲ.

ಆ ವರ್ಷ ಮಳೆ ಹೆಂಗೆ ಬಂತು ಅಂತ ನಿಮಗೆಲ್ಲ ನೆನಪೈತೆ. ನಮ್ಮ ಬಯಲುಸೀಮೆಯಾಗೆ ಅಷ್ಟು ಮಳೆ! ಗೌರಿ ಗಣೇಶನ ಹಬ್ಬದ ಹೊತ್ತಿಗೆ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933 ಆದ್ಮೇಲೆ ಅದೇ ಮೊದಲು. ಜನ ಟೆಂಪೋ ಮಾಡ್ಕಂಡು ಮಾರಿಕಣಿವೆಗೆ ನೀರು ನೋಡೋಕೆ ಹೋಗ್ತಿದ್ರು. ನಮ್ಮನೆಯೋರೂ ಮಕ್ಕಳನ್ನ ಕರ್ಕಂಡು ಹೋಗಿದ್ರು. ಮನೆಯಾಗೆ ನಾನು, ಅತ್ತೆ, ಮಾವ ಮೂರೇ ಜನ. ಸೋಮವಾರ ಅಲ್ಲದಿದ್ರೂ ಅತ್ತೆಮ್ಮ ಸಂಜೆ ದೀಪ ಹಚ್ಚಿ, ಹುರುಳಿ ಹಸನು ಮಾಡ್ತಾ, ಯಾವುದೋ ಹಳೇ ಭಜನೆ ಪದ ಗುನುಗ್ತಿದ್ರು. ಎರಡನೇ ಸಾಲಿಗೆ ಬರೋ ಹೊತ್ತಿಗೆ ಮಂಚದ ಮೇಲಿಂದ ಇನ್ನೊಂದು ದನಿ ಕೂಡ್ಕಂತು. ಮಾವನೋರದು. ಬರೀ ರಾಗ ಅಲ್ಲ ಕಣ್ರಿ, ಮಾತು ಮಾತೇ! ಒಂದಕ್ಷರ ತಪ್ಪದಂಗೆ ಪಲ್ಲವಿ ಪೂರ್ತಿ ಹಾಡಿದ್ರು. ಅತ್ತೆಮ್ಮನ ಕೈಯಾಗಿದ್ದ ಮೊರ ಜಾರಿ ಹುರುಳಿಯೆಲ್ಲ ನೆಲಕ್ಕೆ ಚೆಲ್ಲಿತು. ಹಾಡು ಮುಗೀತು. "ಮಾವ, ಏನು ಬೇಕು?" ಅಂತ ಓಡಿ ಹೋಗಿ ಕೇಳಿದೆ. "ಅದು, ಅದು" ಅಂದ್ರು. ಮಾತು ಮತ್ತೆ ಹೋಗಿತ್ತು.

ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಕೇಳಿದ್ವಿ. ಅವರಿಗೇನೂ ಆಶ್ಚರ್ಯ ಆಗಲಿಲ್ಲ. ಮಾತು ಹೆಚ್ಚಿನ ಜನಕ್ಕೆ ಮೆದುಳಿನ ಎಡಭಾಗದಾಗಿರುತ್ತಂತೆ. ಬಲಗೈನ ಆಡಿಸೋದೂ ಅದೇ ಎಡಭಾಗ. ಅದಕ್ಕೇ ಅಲ್ಲಿ ಪೆಟ್ಟು ಬಿದ್ರೆ ಬಲಗೈಯೂ ಮಾತೂ ಜೊತೆಗೇ ಹೋಗೋದು. ಹಾಡಿಗೆ ಬಲಭಾಗದ ಆಸರೆಯೂ ಇರುತ್ತಂತೆ. ಮಾತಾಡೋಕೆ ಆಗದ ಎಷ್ಟೋ ಜನ ಹಾಡ್ತಾರೆ, ಅದನ್ನೇ ಹಿಡ್ಕಂಡು ಮಾತು ಕಲಿಸೋ ಚಿಕಿತ್ಸೆಯೂ ಐತೆ ಅಂದ್ರು. "ದಿನಾ ಹಾಡಿಸಿ, ಕೈಯಿಂದ ತಾಳ ಹಾಕಿಸಿ" ಅಂತ ಹೇಳಿ ಕಳಿಸಿದ್ರು.

ಮನೆಗೆ ಬಂದು ದಮ್ಮಡಿ ಇಳಿಸಿ ಮಾವನೋರ ತೊಡೆ ಮೇಲಿಟ್ಟೆ. ಎಡಗೈಯಾಗೆ ಎತ್ತಿ ಎದೆ ಮಟ್ಟಕ್ಕೆ ಹಿಡಿದ್ರು. ಹಿಡಿದ ರೀತಿ ಹಳೇದೇ, ಒಂಚೂರೂ ಬದಲಾಗಿರಲಿಲ್ಲ. ಬಲಗೈ ತೊಡೆ ಮೇಲೆ ಸತ್ತಂಗೆ ಬಿದ್ದಿತ್ತು. ಅದನ್ನೇ ನೋಡಿದ್ರು, ಬಹಳ ಹೊತ್ತು ನೋಡಿದ್ರು. ಇಳಿಸಿಬಿಡ್ತಾರೆ ಅನ್ಕಂಡೆ. ದಮ್ಮಡಿ ತೊಡೆ ಮೇಲಿಟ್ಟು, ಅದೇ ಎಡಗೈಯಿಂದ ನನ್ನ ಬಲ ಮುಂಗೈ ಹಿಡಿದು ಎಳೆದು, ಅಂಗೈನ ತೊಗಲ ಮೇಲೆ ಇಟ್ರು. ಆಮೇಲೆ ಮತ್ತೆ ದಮ್ಮಡಿ ಎತ್ತಿ ನನ್ನ ಮುಂದಕ್ಕೆ ಹಿಡಿದ್ರು. "ಅದು" ಅಂದ್ರು. ಆ "ಅದು" ನಂಗೆ ತಿಳೀತು.

ಅಡುಗೆಮನೆಯಿಂದ ಅತ್ತೆಮ್ಮನಿಗೂ ತಿಳೀತು. "ಮನೆ ಹೆಣ್ಮಗಳ ಕೈಗೆ ದಮ್ಮಡಿ ಕೊಡ್ತೀರಾ? ಜನ ಏನಂದಾರು? ಮೂರು ದಿನದ ಮೈಲಿಗೆ ಇರೋರು, ದೇವರ ಮುಂದಿನ ವಾದ್ಯ ಮುಟ್ಟಬೋದಾ?" ಅಂದ್ರು. ಮಾವನೋರು ಕೈ ಇಳಿಸಲಿಲ್ಲ. ಹಿಡಿದೇ ಇದ್ರು, ತೋಳು ನಡುಗ್ತಿತ್ತು. ಅದು ನಡುಗೋದು ನೋಡಲಾರದೆ ನಾನು ಒಂದೇಟು ಹಾಕಿದೆ. ಟಪ್ ಅಂತು, ಒದ್ದೆ ಗೋಣಿಚೀಲ ಬಡಿದಂಗೆ.

ಅದು ನನ್ನ ಕೈ ತಪ್ಪಲ್ಲ, ಮಳೆ ತಪ್ಪು. ತೊಗಲು ತೇವ ಕುಡಿದು ಸಡಿಲ ಆಗಿತ್ತು. ಇದನ್ನ ಕಲಿಯೋರು ಮೊದಲು ತಿಳ್ಕಬೇಕಾದ್ದು ಇದೇ. ತೊಗಲು ಸತ್ತ ಮೇಲೂ ಹವಾಮಾನಕ್ಕೆ ಅಲುಗಾಡುತ್ತೆ. ಮಳೆಗಾಲದಾಗೆ ಒಲೆ ಉರಿಗೆ ದೂರದಿಂದ ಹಿಡಿದು, ಹಪ್ಪಳ ಸುಡುವಂಗೆ ತಿರುಗಿಸ್ತಾ ತಿರುಗಿಸ್ತಾ ಕಾಸಬೇಕು. ನಡುನಡುವೆ ಬೆರಳಿಂದ ತಟ್ಟಿ ನೋಡಬೇಕು, ದನಿ ಮೇಲಕ್ಕೆ ಏರ್ತಾ ಬರುತ್ತೆ. ಬೇಸಿಗೆಯಾಗೆ ಉಲ್ಟಾ. ನಮ್ಮ ದುರ್ಗದ ಏಪ್ರಿಲ್ ಬಿಸಿಲಿಗೆ ತೊಗಲು ಬಿಗಿದು ಟಣ್ ಟಣ್ ಅಂತ ತಗಡಿನ ಸದ್ದು ಬರುತ್ತೆ. ಆಗ ಒಳಮೈಗೆ ಒದ್ದೆ ಬಟ್ಟೆ ಒರೆಸಬೇಕು, ಇಲ್ಲ ನಾಕು ಹನಿ ನೀರು ಚಿಮುಕಿಸಿ ಬೆರಳಾಗೆ ಹರಡಬೇಕು. ಹೊರಮೈಗೆ ನೀರು ಹಾಕಬಾರದು. ಎಣ್ಣೆ ಕೈಯಾಗೆ ಮುಟ್ಟಲೇಬಾರದು.

ಹಿಡಿಯೋದು ಎಡಗೈ, ಬಡಿಯೋದು ಬಲಗೈ. ಎಲ್ರೂ ಬಲಗೈನೇ ನೋಡ್ತಾರೆ, ನಾನೂ ಹದಿನೈದು ವರ್ಷ ಬಾಗಿಲ ಸಂದಿಯಿಂದ ಅದನ್ನೇ ನೋಡಿದ್ದು. ಅದರಾಗೆ ಮುಖ್ಯ ಮೂರೇಟು. ತೋರುಬೆರಳನ್ನ ಸಡಿಲ ಬಿಟ್ಟು ಅಂಚಿನ ಹತ್ರ ಹೊಡೆದು ತಕ್ಷಣ ಎತ್ತಿದ್ರೆ ಗುಂ ಅಂತ ತುಂಬಿದ ದನಿ. ಅಂಗೈ ಪೂರ್ತಿ ನಡುವಿಗೆ ಬಡಿದು ಅಲ್ಲೇ ಇಟ್ರೆ ತ ಅಂತ ಮುಚ್ಚಿದ ದನಿ. ಬೆರಳ ತುದಿಗಳಿಂದ ತಟ್ಟಿದ್ರೆ ಕಿ ಅಂತ ಸಣ್ಣ ದನಿ. ಗುಂ, ತ, ಕಿ, ತ. ಇದು ನಾಕರ ಲೆಕ್ಕ. ಅರ್ಧಕ್ಕರ್ಧ ಭಜನೆ ಪದ ಇದರಾಗೇ ನಡೆಯುತ್ತೆ. ಕೈ ಪಳಗಿದ ಮೇಲೆ ಮಣಿಕಟ್ಟು ಸಡಿಲ ಬಿಟ್ಟು, ಅಂಗೈ ಬುಡ ಒಂದು ಸಲ, ಬೆರಳ ತುದಿ ಒಂದು ಸಲ, ತೂಗಿದಂಗೆ ಹೊರಳಿಸಿದ್ರೆ ಒಂದೇ ಕೈಯಾಗೆ ಎರಡು ಕೈಯಷ್ಟು ಏಟು ಬೀಳುತ್ತೆ. ನಂಗೆ ಆ ಹೊರಳು ಎರಡೇ ವಾರಕ್ಕೆ ಬಂತು. ಮಾವನೋರು ಹುಬ್ಬೇರಿಸಿ ನೋಡಿದ್ರು. ಆಶ್ಚರ್ಯ ಏನಿಲ್ಲ ಬಿಡ್ರಿ, ರೊಟ್ಟಿ ತಟ್ಟೋ ಕೈಗೆ ಅದನ್ನ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಷ್ಟು ಒತ್ತಬೇಕು, ಯಾವಾಗ ಕೈ ಎತ್ತಬೇಕು ಅಂತ ನಮಗೆ ಹಿಟ್ಟೇ ಕಲಿಸಿರುತ್ತೆ.

ತಾಳದ ಲೆಕ್ಕಕ್ಕೆ ವಿದ್ವಾಂಸರ ಮಾತು ತಕಿಟ ಅಂದ್ರೆ ಮೂರು, ತಕಧಿಮಿ ಅಂದ್ರೆ ನಾಕು, ಎರಡೂ ಕೂಡಿದ್ರೆ ಏಳು. ಮಾವನೋರಿಗೆ ಬಾಯಿ ಬರ್ತಿರಲಿಲ್ಲವಲ್ಲ, ನಂಗೆ ಇದನ್ನ ಹೇಳೋರು ಯಾರೂ ಇರಲಿಲ್ಲ, ಮಗಳು ಮೊಬೈಲಾಗೆ ಹುಡುಕಿ ತೋರಿಸಿದ್ಲು. ನಾನು ನನ್ನ ಅನುಕೂಲಕ್ಕೆ ಅವರೆ ಅಂತ ಮೂರು, ಬಿಸಿಬಿಸಿ ಅಂತ ನಾಕು ಮಾಡ್ಕಂಡೆ. ಅವರೆ ಬಿಸಿಬಿಸಿ ಅಂದ್ರೆ ಏಳು. ನಗಬ್ಯಾಡ್ರಿ, ನೆನಪಿರುತ್ತೆ. ಪಾತ್ರೆ ತೊಳೀವಾಗ, ಬಸ್ಸಿಗೆ ಕಾಯುವಾಗ ತೊಡೆ ಮೇಲೆ, ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಬಡ್ಕಂತಿದ್ದೆ.

ಬಳೆದು ಒಂದು ತೊಂದ್ರೆ ಇತ್ತು. ಗಾಜಿನ ಬಳೆ ಬಳೆಮರಕ್ಕೆ ತಾಗಿ ಎರಡು ಒಡೆದ್ವು. ತೆಗೆದಿಡ್ತೀನಿ ಅಂದ್ರೆ ಅತ್ತೆಮ್ಮ ಬಿಡಲಿಲ್ಲ. ಕೊನೆಗೆ ಹಳೇ ರವಿಕೆ ತುಂಡಿನಾಗೆ ಬಳೆ ಮೇಲಕ್ಕೇರಿಸಿ ಕಟ್ಕಳೋದು ಕಲಿತೆ. ಉಂಗುರ ಇದ್ರೆ ತೆಗೀಲೇಬೇಕು, ತೊಗಲು ಹರಿಯುತ್ತೆ.

ಹಿಂಗೆ ದಿನಾ ಸಂಜೆ ಮಾವನೋರು ಎಡಗೈಯಾಗೆ ಹಿಡಿಯೋರು, ನಾನು ಅವರ ಬಲಕ್ಕೆ ಕೂತು ಬಡಿಯೋಳು, ಅವರು ಹಾಡೋರು. ಒಂದು ದಮ್ಮಡಿ, ಇಬ್ಬರು. ಎಡಗೈ ಏನು ಮಾಡುತ್ತೆ ಅನ್ನೋದು ನಂಗೆ ಆಗ ತಿಳೀತು. ಅದು ಬರೀ ಹಿಡ್ಕಳೋದಲ್ಲ. ಹಿಡಿದ ಬೆರಳ ತುದಿ ತೊಗಲಿನ ಅಂಚಿಗೆ ತಾಗಿರುತ್ತೆ. ಅದನ್ನ ಒತ್ತಿದ್ರೆ ದನಿ ಮೇಲೇರುತ್ತೆ, ಬಿಟ್ರೆ ಕೆಳಕ್ಕಿಳಿಯುತ್ತೆ. ನನ್ನ ಏಟು ಒಂದೇ ಥರ ಇದ್ರೂ ಮಾವನೋರ ಬೆರಳು ಅದನ್ನ ಒಮ್ಮೆ ಅಳುವಂಗೆ, ಒಮ್ಮೆ ನಗುವಂಗೆ ಮಾಡೋದು. ನಾನು ಹಾಡು ಬಿಟ್ಟು ಮುಂದೆ ಓಡಿದ್ರೆ ಗಟ್ಟಿಯಾಗಿ ಒತ್ತಿ ಹಿಡಿಯೋರು. ತೊಗಲು ಸತ್ತೋಗೋದು, ಎಷ್ಟು ಬಡಿದ್ರೂ ಸದ್ದಿಲ್ಲ. ಅದೇ ಅವರ ಬೈಗುಳ. ಹೊಸಬರೆಲ್ಲ ಮಾಡೋ ತಪ್ಪು ಅದೇ, ಕೈಗೆ ರುಚಿ ಹತ್ತಿದ ಮೇಲೆ ಓಡೋದು. ಹಾಡೋರು ಉಸಿರು ತಗಳೋ ಜಾಗದಾಗೆ ನಾವು ಕಾಯಬೇಕು. ಮಾವನೋರ ಉಸಿರು ಈಗ ಚಿಕ್ಕದಾಗಿತ್ತು, ಅದಕ್ಕೆ ನಾನು ಇನ್ನೂ ಜಾಸ್ತಿ ಕಾಯೋದು ಕಲಿಯಬೇಕಾಯ್ತು.

ಕಾರ್ತಿಕದಾಗೆ ಭಜನೆ ಹಿರೇರನ್ನ ಕರೆಸಿದ್ವಿ. ದಮ್ಮಡಿ ಹತ್ರ ನಾನು ಕೂತಿದ್ದು ನೋಡಿ ಒಬ್ಬರು, "ತಾಳದಾಗೇ ನಡೆಸ್ತೀವಿ ಬಿಡವ್ವ, ದಮ್ಮಡಿ ಇಲ್ಲದಿದ್ರೂ ನಡೀತೈತೆ" ಅಂದ್ರು. ಮಾವನೋರು ದಮ್ಮಡಿ ಎತ್ತಿ ಹಿಡಿದು ಅವರನ್ನೇ ನೋಡ್ತಾ ಕೂತ್ರು. ಹಾರ್ಮೋನಿಯಂನೋರು ಸುಮ್ಮನೆ ಶುರು ಮಾಡಿದ್ರು. ಮೊದಲೆರಡು ಪದ ನಾಕರ ಲೆಕ್ಕದ್ದು, ನಡೀತು. ಮೂರನೇದು ಏಳರದ್ದು. ಅರ್ಧಕ್ಕೆ ನಂಗೆ ಲೆಕ್ಕ ತಪ್ಪಿತು. ಕೈ ತಣ್ಣಗಾಯ್ತು. ಎಲ್ಲಿ ಹಿಡ್ಕಳೋದು ಅಂತ ತಿಳೀಲಿಲ್ಲ, ಎಲ್ರ ಕಣ್ಣೂ ನನ್ನ ಕೈ ಮೇಲೆ.

ಆಗ ಒಳಗಿಂದ ರೊಟ್ಟಿ ತಟ್ಟೋ ಸದ್ದು ಕೇಳ್ತು. ಅಷ್ಟು ಜೋರಾಗಿ ಯಾರೂ ರೊಟ್ಟಿ ತಟ್ಟಲ್ಲ. ಮೂರು, ನಾಕು. ಮೂರು, ನಾಕು. ಒಂದೇಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಆ ಸದ್ದು ಹಿಡ್ಕಂಡು ಮತ್ತೆ ಪದಕ್ಕೆ ಸೇರ್ಕಂಡೆ. ಮುಗಿದ ಮೇಲೆ ಒಳಗೆ ಹೋದ್ರೆ ಅತ್ತೆಮ್ಮನ ಮುಂದೆ ಕೊಮೆ ಮೇಲೆ ಹಿಟ್ಟೇ ಇರಲಿಲ್ಲ, ಬರೀ ಮಣೆ. ನನ್ನ ಮುಖ ನೋಡದೆ, "ಎರಡನೇ ನುಡಿಯಾಗೆ ಎರಡೇಟು ಜಾಸ್ತಿ ಹಾಕ್ದೆ" ಅಂದ್ರು. ನಲವತ್ತೆರಡು ವರ್ಷ ಆ ಗೋಡೆ ಆಚೆ ಕೂತು ಕೇಳಿದ ಕಿವಿ ಅದು. ಅವರಿಗೆ ಪ್ರತೀ ಪದದ ಪ್ರತೀ ಏಟೂ ಗೊತ್ತಿತ್ತು. ಯಾರೂ ಒಂದಿನ ಅವರನ್ನ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೂರು ದಿನದ ವಿಚಾರವೂ ಹಂಗೇ ಮುಗೀತು. ಒಂದು ಸೋಮವಾರ ನಾನು ಹೊರಗಿದ್ದೆ, ಹಿತ್ತಲಾಗೆ ಕೂತಿದ್ದೆ. ಮಾವನೋರು ದಮ್ಮಡಿ ಎತ್ತಿ ಹಿಡಿದು ಬಾಗಿಲು ನೋಡ್ತಾ ಕಾಯ್ತಿದ್ರಂತೆ. ಅತ್ತೆಮ್ಮ ಹಿತ್ತಲಿಗೆ ಬಂದು ಸ್ವಲ್ಪ ಹೊತ್ತು ನಿಂತ್ರು. "ಸತ್ತ ಮೇಕೆ ತೊಗಲೇ ದೇವರ ಮುಂದೆ ಇರುತ್ತಂತೆ. ನೀನಿನ್ನೂ ಬದುಕಿದೀಯಲ್ಲ, ಕೈಕಾಲು ತೊಳ್ಕಂಡು ಬಾ" ಅಂದ್ರು. ಅಷ್ಟೇ. ಆಮೇಲೆ ಆ ಮಾತು ನಮ್ಮನೆಯಾಗೆ ಎದ್ದಿಲ್ಲ.

ಹೆಣ್ಮಕ್ಕಳು ತೊಗಲ ವಾದ್ಯ ಮುಟ್ಟೋದು ನಾವೇ ಮೊದಲೇನಲ್ಲ ಅಂತ ಆಮೇಲೆ ತಿಳ್ಕಂಡೆ. ಎಲ್ಲಮ್ಮನ ಜೋಗತಿಯರ ಚೌಡಿಕೆಗೂ ತಳದಾಗೆ ತೊಗಲೇ ಬಿಗಿದಿರೋದು. ಬೆಂಗಳೂರಾಗೆ ಸುಕನ್ಯಾ ರಾಮಗೋಪಾಲ್ ಅನ್ನೋರು ಘಟಂ ನುಡಿಸ್ತಾರೆ, ಹೆಂಗಸರದ್ದೇ ಲಯವಾದ್ಯದ ತಂಡ ಕಟ್ಟಿದಾರೆ. ಲತಾ ರಾಮಾಚಾರ್ ಅನ್ನೋರು ಖಂಜಿರ ನುಡಿಸ್ತಾರೆ. ನಮ್ಮ ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದ ಬಾಯಾಗಿಟ್ಕಂಡು ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಆದೋರು. ಹೆಣ್ಮಕ್ಕಳ ಹಾಡು ಬೇಕು, ನೆನಪು ಬೇಕು, ಲೆಕ್ಕ ಹಾಕೋ ಕೈ ಮಾತ್ರ ಬ್ಯಾಡ ಅಂದ್ರೆ ಹೆಂಗೆ?

ಇನ್ನೊಂದು ಮಾತು ಹೇಳಲೇಬೇಕು. ಹೋದ ಬೇಸಿಗೆಯಾಗೆ ತೊಗಲು ಹರೀತು. ನನ್ನದೇ ತಪ್ಪು, ಕಾಸೋಕೆ ಒಲೆ ಪಕ್ಕ ಇಟ್ಟು ಫೋನ್ ಬಂತು ಅಂತ ಹೋದೆ. ಬರೋ ಹೊತ್ತಿಗೆ ಪಟ್ ಅಂತ ಸೀಳಿತ್ತು. ಮಾವನೋರ ಮುಖ ನೋಡೋಕೆ ಆಗಲಿಲ್ಲ. ಇದನ್ನ ಬಿಗಿದ ಅಜ್ಜ ಊರ ಆಚೆ ಕೇರಿಯೋರು, ತೀರಿಹೋಗಿ ಬಹಳ ವರ್ಷ ಆಗೈತೆ. ಅವರ ಮಗ ಈಗ ಗಾರೆ ಕೆಲಸ ಮಾಡ್ತಾರೆ, ಕೇಳಿದ್ರೆ ಯಾವಾಗಾದ್ರೂ ತಮಟೆ ಬಿಗಿದು ಕೊಡ್ತಾರೆ. ದಮ್ಮಡಿ ತಗಂಡು ನಾನೇ ಹೋದೆ. ಹೊಸ ಮೇಕೆ ತೊಗಲನ್ನ ಸುಣ್ಣದ ನೀರಾಗೆ ನೆನೆಸಿ, ಕೂದಲು ಹೆರೆದು, ಹುಣಸೆಬೀಜ ಅರೆದು ಕಾಯಿಸಿದ ಅಂಟು ಬಳೆಗೆ ಹಚ್ಚಿ, ಸುತ್ತ ಎಳೆದು ದಾರದಾಗೆ ಕಟ್ಟಿ, ನೆರಳಾಗೆ ಒಣಗಿಸಿದ್ರು. ಬಿಸಿಲಿಗೆ ಇಟ್ರೆ ಒಂದೇ ಕಡೆ ಎಳ್ಕಂಡು ಬಳೆ ಸೊಟ್ಟ ಆಗುತ್ತಂತೆ.

ತಗಳೋಕೆ ಹೋದಾಗ ಕೇಳಿದೆ, "ಅಣ್ಣ, ನಿಮ್ಮಪ್ಪಾಜಿ ಬಿಗಿದಾಗ ದನಿ ಹೆಂಗಿತ್ತೋ ಹಂಗೇ ಬರುತ್ತಾ?" ಅವರು ದಮ್ಮಡಿ ತಿರುಗಿಸಿ ನೋಡಿ, "ಅದು ನಂಗೆ ಹೆಂಗೆ ತಿಳೀಬೇಕಮ್ಮ, ನಮ್ಮಪ್ಪ ಬಿಗಿದಿದ್ದು ನಿಮ್ಮನೆ ಒಳಗೆ ಹೆಂಗೆ ನುಡೀತಿತ್ತು ಅಂತ ನಾವು ಕೇಳಿಲ್ಲ. ಅಪ್ಪನೂ ನಾನೂ ಕೇಳಿದ್ದು ರಸ್ತೆ ಆಚೆ ಬೇವಿನಕಟ್ಟೆ ಮೇಲೆ ಕೂತು" ಅಂದ್ರು. ಸಿಟ್ಟಿನಾಗೆ ಹೇಳಲಿಲ್ಲ. ಇದ್ದದ್ದು ಹೇಳಿದ್ರು. ನಂಗೆ ಕೂಲಿ ದುಡ್ಡು ಕೊಡೋಕೂ ಕೈ ಬರಲಿಲ್ಲ. ನಾನು ಅಡುಗೆಮನೆ ಬಾಗಿಲ ಸಂದಿಯಿಂದ ಕೇಳಿದ್ದಕ್ಕೇ ಒಳಗೊಳಗೆ ನೊಂದ್ಕಂಡಿದ್ದೆ. ಇವರಿಗೆ ಬಾಗಿಲೂ ಇರಲಿಲ್ಲ. ಅವರು ಬಿಗಿದ ತೊಗಲು ದೇವರ ಮುಂದೆ ಇತ್ತು, ಅವರು ಕಟ್ಟೆ ಮೇಲಿದ್ರು.

"ಸೋಮವಾರ ಮನೆಗೆ ಬರ್ರಿ, ಒಳಗೆ ಕೂತು ನೀವೇ ಕೇಳಿ ನೋಡ್ರಿ" ಅಂತ ಕರೆದೆ. ಬಂದ್ರು. ಹೊಸ್ತಿಲ ಆಚೆ ನಿಂತ್ರು. ಅತ್ತೆಮ್ಮ ಹೊರಗೆ ಹೋಗಿ, "ಒಳಗೆ ಬಾರಪ್ಪ, ನಿಮ್ಮಪ್ಪನ ದಮ್ಮಡಿಗೆ ಶ್ರುತಿ ನೋಡು" ಅಂದು ಚಾಪೆ ಹಾಕಿದ್ರು. ಎಲ್ರಿಗೂ ಕೊಟ್ಟ ಸ್ಟೀಲ್ ಲೋಟದಾಗೇ ಟೀ ಕೊಟ್ರು. ಅವರು ದಮ್ಮಡಿ ತಗಂಡು ಎರಡೇಟು ಹಾಕಿದ್ರು. ಅಬ್ಬಾ, ನನ್ನ ಮೂರು ವರ್ಷದ ಕಲಿಕೆ ಆ ಎರಡೇಟಿನ ಮುಂದೆ ಏನೂ ಇಲ್ಲ. ಮಾವನೋರು ಕಣ್ಣು ಮುಚ್ಚಿ ತಲೆ ತೂಗಿದ್ರು. ಭಜನೆ ಹಿರೇರಾಗೆ ಒಬ್ಬರು ಟೀ ಮುಟ್ಟದೆ ಎದ್ದು ಹೋದ್ರು, ಅವತ್ತಿಂದ ಬರ್ತಿಲ್ಲ. "ಹೋದ್ರೆ ಹೋಗ್ಲಿ, ತಾಳ ನಾನೇ ಹಾಕ್ತೀನಿ" ಅಂತ ಅತ್ತೆಮ್ಮ ಅಂದ್ರು. ಹಾಕ್ತಾನೂ ಇದಾರೆ. ಇದನ್ನ ದೊಡ್ಡ ಕೆಲಸ ಮಾಡಿದ್ವಿ ಅಂತ ಹೇಳ್ತಿಲ್ಲ. ಬಹಳ ತಡ ಆಗಿತ್ತು, ಆ ಅಜ್ಜ ಇರುವಾಗಲೇ ಕರೀಬೇಕಿತ್ತು. ಆ ಅಣ್ಣ ಆಮೇಲೆ ಎರಡು ಸೋಮವಾರ ಬಂದಿದ್ರು. ಬಂದಾಗ ದಮ್ಮಡಿ ಅವರ ಕೈಗೆ ಕೊಟ್ಟು ನಾನು ಪಕ್ಕದಾಗೆ ಕೂತು ಕಲೀತೀನಿ.

ಮಾವನೋರಿಗೆ ಈಗ ನಾಕೈದು ಮಾತು ಬರುತ್ತೆ. ನೀರು, ಸಾಕು, ಬಾ ಅಂತಾರೆ. ಅತ್ತೆಮ್ಮನ ಹೆಸರು ಕರೀತಾರೆ, ಮೊದಲು ಯಾವತ್ತೂ ಹೆಸರು ಹಿಡಿದು ಕರೆದಿರಲಿಲ್ಲ. ಎಡಗೈಗೆ ಬೇಗ ಸುಸ್ತಾಗುತ್ತೆ. ಮೊದಲ ಪದಕ್ಕೆ ದಮ್ಮಡಿ ಹಿಡೀತಾರೆ, ನಾನು ಬಡೀತೀನಿ. ಎರಡನೇ ಪದಕ್ಕೆ ನನ್ನ ಎಡಗೈಗೆ ದಾಟಿಸ್ತಾರೆ. ನನ್ನ ಬಲಗೈ ಪರವಾಗಿಲ್ಲ, ಎಡಗೈ ಇನ್ನೂ ಕಲೀತಾ ಐತೆ.

ಎದುರುಮನೆ ಅಕ್ಕಾ, ಇಷ್ಟೇ ನೋಡ್ರಿ. ಸೋಮವಾರ ಏಳು ಗಂಟೆಗೇ ಬರ್ರಿ, ಉಂಗುರ ಮನೆಯಾಗೇ ಬಿಚ್ಚಿಟ್ಟು ಬರ್ರಿ. ಮೂರು ವಾರ ತೊಡೆ ಮೇಲೇ ಬಡಿಯೋದು, ಆಮೇಲೆ ತೊಗಲು. ಮೆತ್ತಗೆ ಕೇಳಬೇಕಾಗಿಲ್ಲ, ಜೋರಾಗೇ ಕೇಳ್ರಿ. ತಪ್ಪಿದ್ರೆ ಹೆದರಬ್ಯಾಡ್ರಿ, ಅತ್ತೆಮ್ಮ ಪಕ್ಕದಾಗೇ ತಾಳ ಹಿಡ್ಕಂಡು ಕೂತಿರ್ತಾರೆ. ಅರ್ಧ ಏಟು ಆಚೀಚೆ ಆದ್ರೂ ಬಿಡಲ್ಲ.